ಇಂಗ್ಲಿಷಿನ ‘ರನ್’ ಮತ್ತು ನಮ್ಮ ಓಡು, ನಡೆ, ಹರಿ

ಇಂಗ್ಲಿಷ್ ಭಾಷೆಯಲ್ಲಿ ಅತ್ಯಧಿಕ ಅರ್ಥಗಳನ್ನು ಹೊತ್ತಿರುವ ಕ್ರಿಯಾಪದ ಯಾವುದೆಂದು ಕೇಳಿದರೆ ಬಹುಮಂದಿ ಗಹನವಾದ, ಉದ್ದನೆಯ ಶಬ್ದವೊಂದನ್ನು ಊಹಿಸುತ್ತಾರೆ. ಉತ್ತರ ಮಾತ್ರ ಒಂದನೆಯ ತರಗತಿಯ ಮಗುವೂ ಬಲ್ಲ, ಮೂರೇ ಅಕ್ಷರಗಳ ‘ರನ್’. 1884ರಿಂದ ಕಂತುಕಂತಾಗಿ ಹೊರಬಂದು 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಅತಿ ದೀರ್ಘ ವಿವರಣೆಯ ಗೌರವ ‘ಸೆಟ್’ ಎಂಬ ಪದಕ್ಕಿತ್ತು. 1989ರ ಎರಡನೆಯ ಆವೃತ್ತಿಯಲ್ಲಿಯೂ ಅದೇ. ಮೂರನೆಯ ಆವೃತ್ತಿಯ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಒಂಬತ್ತು ತಿಂಗಳ ಕಾಲ ಇದೊಂದೇ ಶಬ್ದದ ಮುಂದೆ ಕುಳಿತು, ಕ್ರಿಯಾಪದವಾಗಿ ಇದಕ್ಕೆ 645 ಅರ್ಥಗಳನ್ನು ಗುರುತಿಸಿದರೆಂದು 2011ರಲ್ಲಿ ವರದಿಯಾಯಿತು.

ಇಷ್ಟು ಅರ್ಥಗಳು ಒಂದೇ ಶಬ್ದಕ್ಕೆ ಅಂಟಿಕೊಂಡದ್ದು ಹೇಗೆ? ಹಳೆಯ ಇಂಗ್ಲಿಷಿನಲ್ಲಿಯೇ ಈ ಧಾತುವಿಗೆ ಎರಡು ಕೆಲಸಗಳಿದ್ದವು. ಮನುಷ್ಯನೋ ಕುದುರೆಯೋ ಕಾಲೆತ್ತಿ ವೇಗವಾಗಿ ಹೋಗುವುದು ಒಂದು, ನೀರು ಹರಿಯುವುದು ಇನ್ನೊಂದು. ಸೋದರ ಭಾಷೆಯಾದ ಜರ್ಮನ್ ಇವೆರಡನ್ನೂ ಬೇರೆ ಮಾಡಿಕೊಂಡಿತು. ಅಲ್ಲಿ ಓಡುವುದಕ್ಕೆ ‘ರೆನ್ನೆನ್’, ನೀರು ಹರಿಯುವುದಕ್ಕೆ, ಜಿನುಗುವುದಕ್ಕೆ ‘ರಿನ್ನೆನ್’. ಇಂಗ್ಲಿಷ್ ಬೇರೆ ಮಾಡಲಿಲ್ಲ. ಮುಂದೆ ಕೈಗಾರಿಕೆಗಳ ಯುಗ ಬಂದಾಗ ಯಂತ್ರ ‘ರನ್’ ಆಯಿತು, ರೈಲು ‘ರನ್’ ಆಯಿತು, ಕಾರ್ಖಾನೆಯನ್ನು ಒಬ್ಬಾತ ‘ರನ್’ ಮಾಡತೊಡಗಿದ. ಗಣಕಯಂತ್ರ ಬಂದ ಮೇಲಂತೂ ಕೇಳುವುದೇ ಬೇಡ. ಇದಕ್ಕೆ ವ್ಯಾಕರಣದ ಅನುಕೂಲವೂ ಕೂಡಿಬಂದಿತು. ಕನ್ನಡದಲ್ಲಿ ತಾನೇ ಮಾಡುವುದಕ್ಕೂ ಇನ್ನೊಬ್ಬರಿಂದ ಮಾಡಿಸುವುದಕ್ಕೂ ರೂಪಭೇದವುಂಟು: ಓಡು–ಓಡಿಸು, ನಡೆ–ನಡೆಸು, ಹರಿ–ಹರಿಸು. ಇಂಗ್ಲಿಷಿನ ‘ರನ್’ಗೆ ಈ ‘ಇಸು’ವಿನ ಹಂಗಿಲ್ಲ. ಹೋಟೆಲೂ ‘ರನ್’ ಆಗುತ್ತದೆ, ಮಾಲೀಕನೂ ಅದನ್ನು ‘ರನ್’ ಮಾಡುತ್ತಾನೆ. ಜೊತೆಗೆ ‘ಅಪ್’, ‘ಔಟ್’, ‘ಓವರ್’, ‘ಡೌನ್’, ‘ಇನ್‌ಟು’ ಎಂಬ ಪುಟ್ಟ ಪದಗಳನ್ನು ಬಾಲದಂತೆ ಕಟ್ಟಿಕೊಂಡರೆ ಪ್ರತಿ ಬಾಲಕ್ಕೂ ಒಂದೊಂದು ಹೊಸ ಅರ್ಥ.

ಇದು ಇಂಗ್ಲಿಷಿನ ವೈಭವ. ಅದನ್ನು ಮೆಚ್ಚಲು ನಮಗೇನೂ ಸಂಕೋಚವಿಲ್ಲ. ಆದರೆ ಹೊರನಾಡಿನಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ನಮ್ಮ ಮನೆಗಳಲ್ಲಿ ಈ ಒಂದು ಶಬ್ದ ಮಾಡುತ್ತಿರುವ ಕೆಲಸ ಬೇರೆಯೇ ಇದೆ. ಮಕ್ಕಳು ಶಾಲೆಯಲ್ಲಿ ‘ರನ್ ಎಂದರೆ ಓಡು’ ಎಂದು ಕಲಿತವರು. ಆ ಒಂದು ಸಮೀಕರಣವನ್ನು ಹಿಡಿದುಕೊಂಡು 645 ಅರ್ಥಗಳನ್ನೂ ಕನ್ನಡಕ್ಕೆ ತರಲು ಹೊರಟರೆ ಏನಾದೀತು? “ಅಜ್ಜಿ, ನನ್ನ ಮೂಗು ಓಡುತ್ತಿದೆ” ಎಂದು ಮೊಮ್ಮಗ ಹೇಳುತ್ತಾನೆ. “ನಮ್ಮ ಮುತ್ತಾತ ದಾದರಿನಲ್ಲಿ ಹೋಟೆಲು ಓಡಿಸುತ್ತಿದ್ದರು” ಎಂದು ಮೊಮ್ಮಗಳು ಭಾಷಣದಲ್ಲಿ ಬರೆಯುತ್ತಾಳೆ. ಸಂಘವೊಂದರ ವಾರ್ಷಿಕ ವರದಿಯ ಕರಡಿನಲ್ಲಿ “ಈ ವರ್ಷ ಕನ್ನಡ ಕಲಿಕಾ ತರಗತಿಗಳನ್ನು ಯಶಸ್ವಿಯಾಗಿ ಓಡಿಸಲಾಯಿತು” ಎಂಬ ವಾಕ್ಯವನ್ನು ನಾವೇ ಓದಿದ್ದೇವೆ. ಕನ್ನಡದಲ್ಲಿ ನಾಯಿಯನ್ನು ಓಡಿಸುತ್ತಾರೆ, ಕಳ್ಳನನ್ನು ಓಡಿಸುತ್ತಾರೆ. ತರಗತಿಗಳನ್ನು ಓಡಿಸಿದ ಸಂಘಗಳು ಇಲ್ಲವೆಂದಲ್ಲ, ಆದರೆ ಅದನ್ನು ವರದಿಯಲ್ಲಿ ಬರೆದುಕೊಳ್ಳುವವರು ಅಪರೂಪ!

ಎಲ್ಲವೂ ನಗೆಯಲ್ಲಿಯೇ ಮುಗಿಯುವುದಿಲ್ಲ. ನಮ್ಮ ಪರಿಚಯದ ಕುಟುಂಬವೊಂದರ ಹಿರಿಯ ಮಹಿಳೆ ಊರಿನಿಂದ ಮಗನ ಮನೆಗೆ ಬಂದವರು, ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಇಲ್ಲಿನ ಆಸ್ಪತ್ರೆಯೊಂದಕ್ಕೆ ಹೋದರು. ಜೊತೆಗೆ ದುಭಾಷಿಯಾಗಿ ಹನ್ನೆರಡನೆಯ ತರಗತಿಯ ಮೊಮ್ಮಗ. ನಿಮ್ಮ ಕುಟುಂಬದಲ್ಲಿ ಡಯಾಬಿಟೀಸ್ ‘ರನ್’ ಆಗುತ್ತದೆಯೇ ಎಂದು ವೈದ್ಯರು ಕೇಳಿದ್ದನ್ನು ಆತ “ಸಕ್ಕರೆ ಕಾಯಿಲೆ ಮನೆಯಲ್ಲಿ ಓಡುತ್ತಾ ಇದೆಯಾ?” ಎಂದು ಕನ್ನಡಿಸಿದ. ಈಗ ಮನೆಯಲ್ಲಿ ಯಾರಿಗಾದರೂ ಕಾಯಿಲೆಯ ಓಡಾಟ ನಡೆದಿದೆಯೇ ಎಂದು ಕೇಳುತ್ತಿದ್ದಾರೆಂದು ಭಾವಿಸಿ ಆಕೆ “ಇಲ್ಲಪ್ಪ, ಮನೆಯಲ್ಲಿ ಯಾರಿಗೂ ಇಲ್ಲ” ಎಂದರು. ಆಕೆಯ ತಾಯಿಗೂ ಇಬ್ಬರು ಅಣ್ಣಂದಿರಿಗೂ ಆ ಕಾಯಿಲೆ ಇದ್ದದ್ದು ಹಾಳೆಯ ಮೇಲೆ ಬರಲೇ ಇಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಮಾಡುವ ರಕ್ತಪರೀಕ್ಷೆಯಲ್ಲಿ ಸಕ್ಕರೆ ಏರಿರುವುದು ಕಂಡು ದಿನಾಂಕ ಮುಂದಕ್ಕೆ ಹೋಯಿತು; ಅಷ್ಟರಲ್ಲೇ ತಿಳಿದದ್ದು ಪುಣ್ಯ. ಹುಡುಗನಿಗೆ ಇಂಗ್ಲಿಷ್ ಬಾರದೆ ಇರಲಿಲ್ಲ. ಪ್ರಶ್ನೆ ಆತನಿಗೆ ಸರಿಯಾಗಿಯೇ ಅರ್ಥವಾಗಿತ್ತು. “ನಿಮ್ಮ ತಾಯಿ, ತಂದೆ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇತ್ತೇ, ನಿಮ್ಮ ಮನೆತನದಲ್ಲಿ ಬಂದದ್ದೇ” ಎಂಬ ಕನ್ನಡ ಮಾತ್ರ ನಾಲಿಗೆಗೆ ಒದಗಲಿಲ್ಲ. ಇಂಗ್ಲಿಷಿನಲ್ಲಿ ವಂಶದೊಳಗೆ ಕಾಯಿಲೆ ಓಡುತ್ತದೆ. ಕನ್ನಡದಲ್ಲಿ ಅದು ಬರುತ್ತದೆ, ಬಳುವಳಿಯಾಗಿ ಇಳಿಯುತ್ತದೆ.

ಆದುದರಿಂದ ‘ರನ್’ ಎಂದರೇನು ಎಂಬ ಪ್ರಶ್ನೆಯನ್ನು ಬಿಟ್ಟು, ‘ರನ್’ ಆಗುತ್ತಿರುವುದು ಯಾವುದು ಎಂದು ಕೇಳಿಕೊಳ್ಳುವುದು ಲೇಸು. ಕರ್ತೃ ಬದಲಾದಂತೆ ಕನ್ನಡದ ಕ್ರಿಯಾಪದವೂ ಬದಲಾಗುತ್ತದೆ. ಫ್ಯಾನು, ಮಿಕ್ಸರು ತಿರುಗುತ್ತವೆ. ಮೂಗು ಸುರಿಯುತ್ತದೆ, ಇಲ್ಲವೇ ಸೋರುತ್ತದೆ. ನಲ್ಲಿಯಲ್ಲಿ ನೀರು ಬರುತ್ತದೆ. ಯಾರೋ ನಿಲ್ಲಿಸದೆ ಹೋದರೆ ‘ನಲ್ಲಿ ಬಿಟ್ಟಿದೆ’ ಎನ್ನುತ್ತೇವೆ. ಹೊಸ ಸೀರೆಯನ್ನು ಒಗೆದಾಗ ಇಂಗ್ಲಿಷಿನಲ್ಲಿ ಅದರ ಬಣ್ಣ ಓಡುತ್ತದೆ, ಕನ್ನಡದಲ್ಲಿ ಸೀರೆ ಬಣ್ಣ ಬಿಡುತ್ತದೆ. ಜ್ವರವನ್ನು ಇಂಗ್ಲಿಷರು ಓಡಿಸಿದರೆ ನಮಗೆ ಅದು ಬರುತ್ತದೆ, ಮೈ ಕಾಯುತ್ತದೆ. ದಾರಿ ಒಂದು ಊರನ್ನು ಹಾದುಹೋಗುತ್ತದೆ. ಪತ್ರದ ಮೇಲೆ ಕಣ್ಣು ಹಾಯಿಸುತ್ತೇವೆ. ಹಳೆಯ ಸ್ನೇಹಿತರು ಮಾರುಕಟ್ಟೆಯಲ್ಲಿ ಎದುರಾಗುತ್ತಾರೆ. ಕಾರನ್ನು ‘ರನ್’ ಮಾಡುವುದೆಂದರೆ ಇಂಗ್ಲೆಂಡಿನವರ ಮಾತಿನಲ್ಲಿ ಅದರ ಖರ್ಚುವೆಚ್ಚ ಭರಿಸಿ ಇಟ್ಟುಕೊಳ್ಳುವುದು. ಇದಕ್ಕೆ ನಮ್ಮವರು ‘ಸಾಕುವುದು’ ಎನ್ನುತ್ತಾರೆ. ಮುಂಬಯಿಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಿದವರಿಗೆ ಈ ಪ್ರಯೋಗದ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಇವುಗಳಲ್ಲೆಲ್ಲ ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ‘ನಡೆಸು’. ಇಂಗ್ಲಿಷ್ ಏನನ್ನು ಓಡಿಸುತ್ತದೆಯೋ ಅದನ್ನು ಕನ್ನಡ ನಡೆಸುತ್ತದೆ: ಅಂಗಡಿ, ಹೋಟೆಲು, ಶಾಲೆ, ಸಂಘ, ಯಕ್ಷಗಾನದ ಮೇಳ, ಸರಕಾರ. ಇದು ಕನ್ನಡವೊಂದರ ಸ್ವಭಾವವೂ ಅಲ್ಲ. ಮುಂಬಯಿ, ಪುಣೆಯ ಓದುಗರು ಮರಾಠಿಯ ‘ಚಾಲವಣೇ’ಯನ್ನು ದಿನವೂ ಕೇಳುತ್ತಾರೆ, ‘ಚಾಲಣೇ’ ಎಂದರೆ ನಡೆಯುವುದು, ‘ಚಾಲವಣೇ’ ಎಂದರೆ ನಡೆಸುವುದು. ದೆಹಲಿಯವರಿಗೆ ಹಿಂದಿಯ ‘ಚಲಾನಾ’ ಇದೆ. ಚೆನ್ನೈಯಲ್ಲಿ ಅಂಗಡಿಯನ್ನು ‘ನಡತ್ತು’ತ್ತಾರೆ, ಹೈದರಾಬಾದಿನಲ್ಲಿ ‘ನಡುಪು’ತ್ತಾರೆ. ದ್ರಾವಿಡವೋ ಆರ್ಯವೋ, ನಮ್ಮ ಸುತ್ತಲಿನ ಭಾಷೆಗಳಲ್ಲೆಲ್ಲ ಉದ್ಯಮವೂ ಸಂಸ್ಥೆಯೂ ಕಾಲ್ನಡಿಗೆಯಲ್ಲೇ ಸಾಗುತ್ತವೆ. ಕನ್ನಡದಲ್ಲಿ ಮತ್ತೂ ಒಂದು ವಿಶೇಷವಿದೆ. ‘ನಡೆ’ಯಿಂದಲೇ ನಡತೆ, ನಡವಳಿಕೆ, ನಡೆನುಡಿ ಹುಟ್ಟಿರುವುದರಿಂದ ‘ನಡೆಸು’ ಎಂಬಲ್ಲಿ ಕ್ರಮದ, ಮರ್ಯಾದೆಯ ಧ್ವನಿಯೊಂದು ಉಳಿದುಬಂದಿದೆ. ‘ನಡೆಸಿಕೊಂಡು ಹೋಗು’ ಎಂದಾಗ ಕೈಹಿಡಿದು ಜೊತೆಗೆ ಹೆಜ್ಜೆ ಹಾಕುವ ಚಿತ್ರ ಬರುತ್ತದೆ. ಹಗಲು ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ಕಟ್ಟಿದ ಹಿರಿಯರು ಅವುಗಳನ್ನು ನಡೆಸಿದರು ಎನ್ನುವುದರಲ್ಲಿರುವ ಭಾವ ‘ಓಡಿಸಿದರು’ ಎಂಬುದರಲ್ಲಿ ಎಲ್ಲಿ ಬಂದೀತು? ಇನ್ನು ಸಂಸಾರವನ್ನು ನಡೆಸುವುದಷ್ಟೇ ಅಲ್ಲ, ತೂಗಿಸುವುದೂ ಉಂಟು. ಸಂಬಳದ ದಿನಕ್ಕೂ ತಿಂಗಳ ಕೊನೆಗೂ ನಡುವಿನ ಅಂತರ ಬಲ್ಲವರೆಲ್ಲರೂ ಆ ತಕ್ಕಡಿಯನ್ನು ಬಲ್ಲರು.

ನಮ್ಮ ಉದ್ಯೋಗ ಬ್ಯಾಂಕಿನದಾದ್ದರಿಂದ ಆ ಕಡೆಗೂ ಸ್ವಲ್ಪ ತಿರುಗುವುದು ಸಹಜ. ವ್ಯಾಪಾರಿಗಳು ತೆರೆಯುವ ‘ಕರೆಂಟ್ ಅಕೌಂಟ್’ ಎಂಬುದರಲ್ಲಿ ‘ಕರೆಂಟ್’ ಎಂದರೆ ವಿದ್ಯುತ್ತಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದರ ಬೇರು ಲ್ಯಾಟಿನಿನ ‘ಕುರ್ರೆರೆ’, ಅಂದರೆ ಓಡು. ಕರೆನ್ಸಿ, ಕೊರಿಯರ್, ಕರಿಕ್ಯುಲಂ ಎಲ್ಲವೂ ಅದೇ ಬೇರಿನ ಚಿಗುರುಗಳು. ಓಡುತ್ತಿರುವ ಆ ಖಾತೆ ಕನ್ನಡಕ್ಕೆ ಬಂದಾಗ ‘ಚಾಲ್ತಿ ಖಾತೆ’ಯಾಯಿತು, ಮರಾಠಿಯಲ್ಲಿ ‘ಚಾಲೂ ಖಾತೆ’. ಎರಡೂ ‘ಚಲ್’ ಬಳಗದವು, ಅಂದರೆ ನಡೆಯುವ ಖಾತೆ. ಲ್ಯಾಟಿನಿನಲ್ಲಿ ಓಡಿದ ಹಣ ನಮ್ಮ ನಾಡಿನಲ್ಲಿ ಬಂದು ನಡೆಯತೊಡಗಿತು!

ಬ್ಯಾಂಕಿನವರು ಬಾಯಲ್ಲಿ ಹೇಳಲೂ ಹೆದರುವ ‘ರನ್’ ಇನ್ನೊಂದಿದೆ. ಒಂದು ಬ್ಯಾಂಕಿನ ಮೇಲೆ ‘ರನ್’ ಆಯಿತು ಎಂದರೆ ಠೇವಣಿದಾರರೆಲ್ಲ ಒಮ್ಮೆಲೇ ಹಣ ಹಿಂಪಡೆಯಲು ಧಾವಿಸಿದರು ಎಂದರ್ಥ. ಯಾವ ಬ್ಯಾಂಕೂ ಠೇವಣಿಯನ್ನೆಲ್ಲ ತಿಜೋರಿಯಲ್ಲಿ ಇಟ್ಟುಕೊಂಡಿರುವುದಿಲ್ಲ. ಬಹುಪಾಲು ಸಾಲವಾಗಿ ಹೊರಗಿರುತ್ತದೆ. ಆದ್ದರಿಂದ ಸುಸ್ಥಿತಿಯಲ್ಲಿರುವ ಬ್ಯಾಂಕು ಕೂಡ ಭೀತಿಯೊಂದರಿಂದಲೇ ಕುಸಿಯಬಲ್ಲದು. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು ಮುಚ್ಚಿದ ಆಘಾತದ ನಂತರವೇ ನಮ್ಮ ದೇಶದಲ್ಲಿ ಠೇವಣಿ ವಿಮೆಯ ಕಾನೂನು ಬಂದಿತು. 1962ರ ಜನವರಿ 1ರಿಂದ ಜಾರಿಗೆ ಬಂದ ಆ ವ್ಯವಸ್ಥೆಯಲ್ಲಿ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 1,500 ರೂಪಾಯಿಯವರೆಗೆ ಮಾತ್ರ ರಕ್ಷಣೆಯಿತ್ತು. 2020ರ ಫೆಬ್ರವರಿಯಲ್ಲಿ ಅದನ್ನು 5 ಲಕ್ಷ ರೂಪಾಯಿಗೆ ಏರಿಸಲಾಯಿತು. 2007ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಜನ ಸಾಲುಗಟ್ಟಿ ನಿಂತರು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನದಲ್ಲಿ ಸುಮಾರು 4,200 ಕೋಟಿ ಡಾಲರುಗಳನ್ನು ತೆಗೆಯಲು ಗ್ರಾಹಕರು ಮುಂದಾದರು. ಅವರಲ್ಲಿ ಬಹುತೇಕರು ಕುರ್ಚಿಯಿಂದ ಏಳಲೂ ಇಲ್ಲ, ಬೆರಳು ಆಡಿಸಿದರು ಅಷ್ಟೆ. ಇಂಗ್ಲಿಷಿನಲ್ಲಿ ಅದಕ್ಕೂ ‘ರನ್’ ಎಂದೇ ಹೆಸರು. ಕನ್ನಡದಲ್ಲಿ ಕೆಲವರು ಇದನ್ನು ‘ಬ್ಯಾಂಕಿನ ಮೇಲಿನ ಓಟ’ ಎಂದು ಅನುವಾದಿಸುವುದುಂಟು. ಕ್ರೀಡಾಕೂಟದ ನೆನಪು ತರುವ ಈ ಮಾತು ನಮಗೆ ಒಪ್ಪಿಗೆಯಾಗಿಲ್ಲ. ‘ಠೇವಣಿದಾರರು ಮುಗಿಬಿದ್ದರು’ ಎಂದರೆ ನೂಕುನುಗ್ಗಲು, ಭೀತಿ ಎರಡೂ ಬಂದುಬಿಡುತ್ತವೆ.

ಇನ್ನು ‘ಹರಿ’ಯ ವಿಚಾರ. ಇಂಗ್ಲಿಷಿನ ‘ರನ್’ ಓಟವನ್ನೂ ಹರಿವನ್ನೂ ಒಟ್ಟಿಗೆ ಹಿಡಿದಿರುವುದನ್ನು ಆರಂಭದಲ್ಲಿ ಹೇಳಿದೆವಷ್ಟೆ. ಕನ್ನಡವೂ ಒಂದು ಕಾಲಕ್ಕೆ ಹಾಗೆಯೇ ಮಾಡುತ್ತಿತ್ತು! ಹಳಗನ್ನಡದ ‘ಪರಿ’ ಎಂಬ ಧಾತುವಿಗೆ ಓಡು, ಹರಿ ಎಂಬ ಎರಡೂ ಅರ್ಥಗಳುಂಟು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟನ್ನು ತೆರೆದು ನೋಡಿದವರಿಗೆ ಇದು ಕಾಣುತ್ತದೆ. ‘ಪಾಲ್’ ಹಾಲಾದಂತೆ, ‘ಪೂ’ ಹೂವಾದಂತೆ ‘ಪರಿ’ ಎಂಬುದು ‘ಹರಿ’ಯಾಯಿತು, ಕಾಲಿನ ಓಟವನ್ನು ಕ್ರಮೇಣ ‘ಓಡು’ವಿಗೆ ಬಿಟ್ಟುಕೊಟ್ಟು ತಾನು ನೀರಿನ ಜೊತೆ ಉಳಿಯಿತು. ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ ಎಂಬುದಕ್ಕೆ ಇಂದಿಗೂ ಕುರುಹುಗಳಿವೆ. ‘ಲಾರಿ ಹರಿದು ಪಾದಚಾರಿ ಸಾವು’ ಎಂದು ಪತ್ರಿಕೆಗಳು ಬರೆಯುವಾಗ ಇಂಗ್ಲಿಷಿನ ‘ರನ್ ಓವರ್’ಗೆ ಸರಿಸಮನಾಗಿ ನಿಲ್ಲುವ ಶಬ್ದ ಇದೇ. ಹಾವು ಹರಿಯುತ್ತದೆ, ಇರುವೆ ಹರಿದಾಡುತ್ತದೆ, ಊರಿನಲ್ಲಿ ಸುದ್ದಿ ಹರಿದಾಡುತ್ತದೆ. ಬೆಳಕು ಹರಿಯುತ್ತದೆ. ಗಮನ ಹರಿಸುತ್ತೇವೆ, ದೃಷ್ಟಿ ಹರಿಸುತ್ತೇವೆ. ಬಟ್ಟೆ ಹರಿಯುವ ‘ಹರಿ’ ಮಾತ್ರ ಬೇರೆ ಧಾತು. ರೂಪ ಒಂದೇ ಆದ ಮಾತ್ರಕ್ಕೆ ಅದನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಆಡುಮಾತಿನಲ್ಲಿ ನಮ್ಮ ಮಕ್ಕಳು ಕಳೆದುಕೊಳ್ಳುತ್ತಿರುವ ಶಬ್ದಗಳಲ್ಲಿ ಈ ‘ಹರಿ’ಗೇ ಅಗ್ರಸ್ಥಾನವೆಂದು ನಮಗೆ ತೋರುತ್ತದೆ. ನದಿಯೇ ಕಾಣದ ಬಡಾವಣೆಯಲ್ಲಿ ಬೆಳೆದವರಿಗೆ ಹರಿಯುವುದು ನೆನಪಾಗುವುದಾದರೂ ಹೇಗೆ ಎಂದು ಕೇಳಬಹುದು. ಮುಂಬಯಿಯ ಮಳೆಗಾಲದಲ್ಲಿ ರಸ್ತೆಗಳೇ ಹೊಳೆಗಳಾಗುವಾಗ ಆ ನೆಪವೂ ಸಲ್ಲದು.

ಹಾಗೆಂದು ‘ಓಡು’ ಬಡವಾದ ಶಬ್ದವೇನಲ್ಲ. ಇಂಗ್ಲಿಷಿನೊಂದಿಗೆ ಅದು ಹೆಗಲಿಗೆ ಹೆಗಲು ಕೊಡುವ ಜಾಗಗಳಿವೆ. ಸಿನಿಮಾ ನೂರು ದಿನ ಓಡುತ್ತದೆ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಓಡಿತು, 1975ರ ‘ಶೋಲೆ’ ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತು ಎಂದು ಧಾರಾಳವಾಗಿ ಹೇಳಬಹುದು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಮುಂಬಯಿ–ಮಂಗಳೂರು ನಡುವೆ ಆ ದಾರಿಯಲ್ಲಿ ಗಾಡಿಗಳು ಓಡುತ್ತಿವೆ, ಸಂಚರಿಸುತ್ತಿವೆ. ಆದರೆ ನಿಲ್ದಾಣದಲ್ಲಿ ‘ರನ್ನಿಂಗ್ ಲೇಟ್’ ಎಂದು ಕೇಳಿದಾಗ ಅದನ್ನು ‘ತಡವಾಗಿ ಓಡುತ್ತಿದೆ’ ಎನ್ನುವುದು ಬೇಡ. ಓಡುತ್ತಿರುವುದಾದರೆ ತಡವೇಕೆ ಎಂದು ಹಳ್ಳಿಯ ಹಿರಿಯರು ಕೇಳಿಯಾರು! ‘ಗಾಡಿ ಅರ್ಧ ಗಂಟೆ ತಡ’ ಎಂದರೆ ಸಾಕು.

‘ಓಡು’ ಇಂಗ್ಲಿಷನ್ನು ಮೀರಿ ಹೋಗುವ ಕಡೆಗಳೂ ಇವೆ. ಗಾಬರಿಯಲ್ಲಿ ನಮಗೆ ಕೈಕಾಲು ಓಡುವುದಿಲ್ಲ. ಕಠಿಣ ಲೆಕ್ಕದ ಮುಂದೆ ತಲೆ ಓಡುವುದಿಲ್ಲ. ಇವುಗಳನ್ನು ‘ರನ್’ ಬಳಸಿ ಇಂಗ್ಲಿಷಿಗೆ ತಂದರೆ ನಗೆಪಾಟಲಾಗುತ್ತದೆ. ಅನುವಾದದ ಸಂಕಟ ಒಂದೇ ದಿಕ್ಕಿನದಲ್ಲ.

ಚುನಾವಣೆಯ ವಿಷಯದಲ್ಲಿ ಇಂಗ್ಲಿಷ್ ಭಾಷಿಕರೊಳಗೇ ಒಮ್ಮತವಿಲ್ಲ. ಅಮೆರಿಕದಲ್ಲಿ ಅಭ್ಯರ್ಥಿ ಪದವಿಗಾಗಿ ‘ರನ್’ ಮಾಡುತ್ತಾನೆ, ಇಂಗ್ಲೆಂಡಿನಲ್ಲಿ ‘ಸ್ಟ್ಯಾಂಡ್’ ಮಾಡುತ್ತಾನೆ. ನಾವು ಚುನಾವಣೆಗೆ ನಿಲ್ಲುವವರು, ಗೆದ್ದ ಮೇಲೆ ಕೂರುವವರು. ಈಚೆಗೆ ದೂರದರ್ಶನ ವಾಹಿನಿಗಳಲ್ಲಿ ‘ಅಧ್ಯಕ್ಷಗಿರಿಯ ಓಟದಲ್ಲಿ ಇಂಥವರು ಮುಂದೆ’ ಎಂಬ ಮಾತು ಕೇಳಿಬರುತ್ತಿದೆ. ಅದು ‘ರೇಸ್’ ಎಂಬುದರ ನೆರಳು. ಅರ್ಥವಾಗುತ್ತದೆ ಎಂಬ ಕಾರಣಕ್ಕೆ ಕ್ಷಮಿಸಬಹುದು.

‘ರನ್ ಔಟ್’ ಎಂಬ ಜೋಡಿಗೆ ಕನ್ನಡದಲ್ಲಿ ಮುಗಿ, ತೀರು, ಖಾಲಿಯಾಗು ಎಂಬ ನೇರ ಶಬ್ದಗಳಿವೆ. ಆದರೂ ಮನೆಯ ಹಿರಿಯ ಹೆಂಗಸರು ಎಲ್ಲದಕ್ಕೂ ಅವನ್ನು ಬಳಸುತ್ತಿರಲಿಲ್ಲ. ಅರಿಸಿನ-ಕುಂಕುಮ ಮುಗಿಯಿತು ಎನ್ನುವುದು ಅಶುಭ. ಅದು ‘ಹೆಚ್ಚಿದೆ’ ಎನ್ನುವರು. ಬಳೆ ಒಡೆದರೂ ‘ಹೆಚ್ಚಿತು’ ಎಂದೇ ಮಾತು. ತವರಿನಲ್ಲಿ ಇದನ್ನು ಕೇಳಿ ಬೆಳೆದವರು ಇಲ್ಲಿಯೂ ಹಾಗೆಯೇ ಹೇಳುತ್ತಾರೆ, ಕಾಗದದಲ್ಲಿ ಸಾಮಾನಿನ ಪಟ್ಟಿ ಬರೆಯಲು ಕುಳಿತ ಸೊಸೆ ಹೆಚ್ಚಿದ್ದನ್ನು ಪಟ್ಟಿಯಿಂದ ಬಿಟ್ಟುಬಿಡುತ್ತಾಳೆ! ಅಂಥ ಮನೆಗಳಲ್ಲಿ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ವಿದ್ಯಾರ್ಥಿಗಳ ಸಲುವಾಗಿ ಒಂದು ಸಣ್ಣ ಮಾತು. ಈ ಕ್ರಿಯಾಪದದ ಭೂತಕಾಲ ‘ರ‍್ಯಾನ್’. ಆದರೆ ‘ಹ್ಯಾಸ್’, ‘ಹ್ಯಾವ್’, ‘ಹ್ಯಾಡ್’ಗಳ ಮುಂದೆ ಮತ್ತೆ ಮೂಲರೂಪವಾದ ‘ರನ್’ ಬರಬೇಕು. ‘ಕಮ್–ಕೇಮ್–ಕಮ್’ ಇದ್ದಂತೆ ‘ರನ್–ರ‍್ಯಾನ್–ರನ್’ ಎಂದು ಜೊತೆಗೆ ಕಲಿತರೆ ಮರೆಯುವುದಿಲ್ಲ. ಉದ್ಯೋಗದ ಅರ್ಜಿಗಳಲ್ಲಿ ‘ಹ್ಯಾವ್ ರ‍್ಯಾನ್’ ಎಂದು ಬರೆಯುವವರು ಪದವೀಧರರಲ್ಲಿಯೂ ಇದ್ದಾರೆ.

ಕ್ರಿಕೆಟಿನ ‘ರನ್’ ಒಂದನ್ನು ಮಾತ್ರ ಕನ್ನಡ ಹಾಗೆಯೇ ಉಳಿಸಿಕೊಂಡಿದೆ. ಮರಾಠಿಯವರು ‘ಧಾವ’ ಎಂದು ಸ್ವಂತ ಶಬ್ದ ಕೊಟ್ಟು ಅದನ್ನೇ ಪತ್ರಿಕೆಗಳಲ್ಲಿ ರೂಢಿಗೆ ತಂದರು. ಕನ್ನಡದಲ್ಲಿ ‘ಓಟ’ ಎಂದು ಬರೆದು ನೋಡಿದವರುಂಟು, ನಿಲ್ಲಲಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೋಲಿನ ಮೇಲೆ ಗೀರು ಕೆತ್ತಿ ಇದರ ಲೆಕ್ಕ ಇಡುತ್ತಿದ್ದರು, ಆದ್ದರಿಂದ ಆಗ ಅದಕ್ಕೆ ‘ನಾಚ್’, ಅಂದರೆ ಗೀರು ಎಂದೇ ಹೆಸರಿತ್ತು. ಚೆಂಡು ಬೌಂಡರಿ ದಾಟಿದಾಗ ದಾಂಡಿಗ ಒಂದು ಹೆಜ್ಜೆಯನ್ನೂ ಇಡದೆ ನಿಂತಲ್ಲೇ ನಿಂತಿರುತ್ತಾನೆ, ಅವನ ಹೆಸರಿಗೆ ನಾಲ್ಕು ‘ರನ್’ ಜಮಾ ಆಗುತ್ತದೆ.